ಸಂಜೆ ಎಂಟಕ್ಕೆ ಕೂರುವ ನೆಟ್ಟು, ರಾತ್ರಿ ಹನ್ನೆರಡಕ್ಕೆ ಏಳುವ ‘ಅನ್‌ಲಿಮಿಟೆಡ್’: ಕಲಬುರಗಿ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ,

ಆಳಂದ ರಸ್ತೆಯ ನಿಮ್ಮ ಮತದಾರನೊಬ್ಬನ ನಮಸ್ಕಾರಗಳು.

ನಾನು ಮದುವೆ ವಿಡಿಯೊ ಎಡಿಟ್ ಮಾಡುವವನು. ಸ್ಟುಡಿಯೊ ಅಂತ ಬೇರೆ ಇಲ್ಲ, ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಒಂದು ಮದುವೆ ಅಂದರೆ ಅರಿಶಿಣದಿಂದ ಹಿಡಿದು ಹೆಣ್ಣು ಕಳಿಸುವವರೆಗೆ ಎರಡು ಕ್ಯಾಮೆರಾ, ಒಂದು ಡ್ರೋನ್, ಕಡಿಮೆ ಅಂದರೂ 100 ಜಿಬಿ. ಬಣ್ಣ ತಿದ್ದುವವರು ಹೈದರಾಬಾದಿನಲ್ಲಿದ್ದಾರೆ. ಆ 100 ಜಿಬಿ ಅವರಿಗೆ ಮುಟ್ಟಬೇಕು, ತಿದ್ದಿದ್ದು ತಿರುಗಿ ನನಗೆ ಬರಬೇಕು.

ಕನೆಕ್ಷನ್ ಕೊಡುವಾಗ ಕೈಗಿಟ್ಟ ಚೀಟಿಯಲ್ಲಿ ‘50 ಎಂಬಿಪಿಎಸ್ ಅನ್‌ಲಿಮಿಟೆಡ್’ ಎಂದು ಬೊಟ್ಟಿನಷ್ಟು ದಪ್ಪ ಅಕ್ಷರವಿತ್ತು. ಅದರ ಕೆಳಗೆ ಇರುವೆ ಸಾಲಿನಂಥ ಇನ್ನೊಂದು ಬರಹ: ತಿಂಗಳಿಗೆ 200 ಜಿಬಿ ಮುಗಿದ ಮೇಲೆ 2 ಎಂಬಿಪಿಎಸ್; ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಬಳಸಿದ್ದು ಲೆಕ್ಕಕ್ಕಿಲ್ಲ. ಅಪ್‌ಲೋಡ್ ವೇಗ ಎಷ್ಟು ಎಂಬುದು ಎಲ್ಲೂ ಇರಲಿಲ್ಲ. ಅಳೆದು ನೋಡಿದರೆ 10. ಆ ಲೆಕ್ಕದಲ್ಲಿ 100 ಜಿಬಿ ಕಳಿಸಲು ನಡುವೆ ಒಮ್ಮೆಯೂ ತುಂಡಾಗದಿದ್ದರೆ 22 ತಾಸು ಬೇಕು. ಉಚಿತ ರಾತ್ರಿಯ ಆರು ತಾಸಿನಲ್ಲಿ ಹೋಗುವುದು 27 ಜಿಬಿ, ಅಂದರೆ ಒಂದು ಮದುವೆಗೆ ನಾಲ್ಕು ರಾತ್ರಿ. ಲಗ್ನದ ಸೀಜನ್‌ನಲ್ಲಿ 200 ಜಿಬಿ ಮುಗಿದು ವೇಗ 2ಕ್ಕೆ ಇಳಿಯಿತೆನ್ನಿ, ಆ ವೇಗದಲ್ಲಿ ಕಳಿಸುತ್ತ ಕೂತರೆ ಅದೇ ಕೆಲಸಕ್ಕೆ 111 ತಾಸು. ಹಾರ್ಡ್‌ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೆಳಗಿನ ಬಸ್ಸಿಗೆ ಹಾಕಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಹೈದರಾಬಾದ್ ಮುಟ್ಟುತ್ತದೆ. ನಾನು ಹಾಗೇ ಮಾಡುತ್ತೇನೆ.

ರಾತ್ರಿ ಪುಕ್ಕಟೆ ಎಂಬುದು ನನಗೆ ಹೊಸದಲ್ಲ. 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾವನ್ ಬ್ರಾಡ್‌ಬ್ಯಾಂಡ್ ಬಂತು. ಆಮೇಲಿನ ಪ್ಲಾನುಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿಕೊಂಡರೂ ಬಿಲ್ಲಿಲ್ಲ. ಎರಡಕ್ಕೆ ಐದು ನಿಮಿಷ ಇರುವಾಗ ಅಲಾರಂ, ಎಂಟಕ್ಕೆ ಐದು ನಿಮಿಷ ಇರುವಾಗ ಓಡಿ ಹೋಗಿ ಮೋಡೆಮ್ ಬಂದ್. ಅವ್ವನಿಗೆ ನಾನು ಓದಲು ಏಳುತ್ತೇನೆಂಬ ನಂಬಿಕೆ ಇತ್ತು. ಆಗ ಇಡೀ ತಿಂಗಳಿಗೆ ಸಿಗುತ್ತಿದ್ದದ್ದು ಒಂದೆರಡು ಜಿಬಿ, ಹಾಗಾಗಿ ರಾತ್ರಿ ನಿಜಕ್ಕೂ ಹಬ್ಬ. ಈಗ ದೊಡ್ಡ ಕಂಪನಿಗಳು ತಿಂಗಳಿಗೆ 3,300 ಜಿಬಿ ಎನ್ನುತ್ತವೆ, ಅವರ ಫೈಬರ್ ನಮ್ಮ ಓಣಿಯ ತಿರುವಿನವರೆಗೂ ಬಂದಿಲ್ಲ.

ರಾತ್ರಿಯನ್ನು ಲೆಕ್ಕದಿಂದ ಬಿಡುವುದು ಔದಾರ್ಯವೇನಲ್ಲ. ಸ್ಥಳೀಯ ಆಪರೇಟರ್ ಮೇಲಿನ ಕಂಪನಿಯಿಂದ ಇಷ್ಟು ದಪ್ಪದ ಪೈಪು ಎಂದು ಬ್ಯಾಂಡ್‌ವಿಡ್ತ್ ಕೊಳ್ಳುತ್ತಾನೆ. ಜನ ಅತಿ ಹೆಚ್ಚು ಬಳಸುವ ಹೊತ್ತಿಗೆ ಎಷ್ಟು ಬೇಕೋ ಅದರ ಮೇಲೆ ಅವನ ಖರ್ಚು. ರಾತ್ರಿ ಆ ಪೈಪು ಖಾಲಿ ಬಿದ್ದಿರುತ್ತದೆ, ನಾನು ಬಳಸಿದರೆ ಅವನಿಗೆ ಒಂದು ಪೈಸೆ ಹೆಚ್ಚಿಲ್ಲ. ಸಂಜೆ ಎಂಟರಿಂದ ಹತ್ತು, ಆಗ ನೋಡಬೇಕು. ನಳ ಬಂದಾಗ ಓಣಿಯವರೆಲ್ಲ ಒಮ್ಮೆಗೇ ಮೋಟಾರು ಹಚ್ಚಿದ ಹಾಗೆ. ನನ್ನ 50 ಆ ಹೊತ್ತಿನಲ್ಲಿ 3, 4. ಪಕ್ಕದ ಮನೆಯ ಹುಡುಗಿ ಕೆಪಿಎಸ್‌ಸಿ ಪರೀಕ್ಷೆಗೆ ಆನ್‌ಲೈನ್ ಟೆಸ್ಟ್ ಬರೆಯುವುದು ಅದೇ ಹೊತ್ತಿಗೆ. ಸುತ್ತುವ ಚಕ್ರ ನೋಡಿ ನೋಡಿ ಮೊಬೈಲ್ ಹಾಟ್‌ಸ್ಪಾಟ್ ಹಚ್ಚುತ್ತಾಳೆ. ತಿಂಗಳಿಗಿಷ್ಟು ಜಿಬಿ ಎಂಬ ಮಿತಿ ಈ ರೋಗಕ್ಕೆ ಮದ್ದೇ ಅಲ್ಲ. ಬೆಳಗಿನ ಜಾವ ಮೂರಕ್ಕೆ ಕಳಿಸುವ ನನ್ನಿಂದ ಯಾರಿಗೂ ತ್ರಾಸಿಲ್ಲ, ಸಂಜೆ ಕೊಳ್ಳಬೇಕಾದಷ್ಟು ಬ್ಯಾಂಡ್‌ವಿಡ್ತ್ ಕೊಂಡಿಲ್ಲ ಎಂಬುದೇ ತ್ರಾಸು.

ಆ ರಾತ್ರಿಯಾದರೂ ನೆಟ್ಟಗಿರುತ್ತದೆಯೇ? ನಮ್ಮ ಓಣಿಗೆ ನೆಟ್ ಹಂಚುವ ಸ್ವಿಚ್ಚಿನ ಡಬ್ಬಿ ಮೂರು ಮನೆ ಆಚೆ ಒಬ್ಬ ಆಯಿಯ ಮಾಳಿಗೆ ಮೇಲಿದೆ. ಅದಕ್ಕೆ ಕರೆಂಟು ಅವರ ಮನೆಯದು, ಬದಲಿಗೆ ಅವರಿಗೆ ಕೇಬಲ್ ಟಿವಿ ಪುಕ್ಕಟೆ. ಮಲಗುವ ಮುಂದ ಆಯಿ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುತ್ತಾರೆ, ಕೆಲವೊಮ್ಮೆ ಅದನ್ನೂ. ಕೇಳಲು ಹೋದರೆ, “ರಾತ್ರಿಯೆಲ್ಲಾ ಮಿಣಿಮಿಣಿ ಅಂತದಲ್ಲೋ ತಮ್ಮಾ, ಬಿಲ್ ಯಾರ್ ಕಟ್ಟಬೇಕು?” ಅಂದರು. ಆಯಿಯ ಮಾತಿನಲ್ಲಿ ತಪ್ಪೇನಿದೆ ಹೇಳಿ. ಆಪರೇಟರ್‌ನ ಹುಡುಗನಿಗೆ ಫೋನ್ ಹಚ್ಚಿದರೆ ಸಿಗುವ ಉತ್ತರ ಒಂದೇ: “ಸರ್, ಮೇಲಿಂದನೇ ಡೌನ್ ಅದರಿ, ಅರ್ಧ ತಾಸಿನ್ಯಾಗ ಬರ್ತದರಿ.” ಆ ಅರ್ಧ ತಾಸು ಒಮ್ಮೊಮ್ಮೆ ಎರಡು ದಿನ ಇರುತ್ತದೆ. ಎರಡು ದಿನದ ಹಣ ಬಿಲ್ಲಿನಲ್ಲಿ ಕಡಿದದ್ದನ್ನು ನಾನು ಕಂಡಿಲ್ಲ.

ದೂರಸಂಪರ್ಕ ಕೇಂದ್ರದ ವಿಷಯವಾದ್ದರಿಂದ ಶಾಸಕರನ್ನು ಬಿಟ್ಟು ನಿಮಗೆ ಬರೆಯುತ್ತಿದ್ದೇನೆ. ನಿಯಮಗಳಿಲ್ಲ ಎಂದಲ್ಲ. ಮಿತಿ ಎಷ್ಟು, ಮಿತಿ ಮುಗಿದ ಮೇಲಿನ ವೇಗ ಎಷ್ಟು ಎಂದು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕು, ಮಿತಿಯ ಶೇ 50ರಷ್ಟು, ಶೇ 90ರಷ್ಟು ಮುಗಿದಾಗ ಎಚ್ಚರಿಸಬೇಕು, ಮುಗಿದ ಮೇಲೂ ವೇಗ 512 ಕೆಬಿಪಿಎಸ್‌ಗಿಂತ (ಅಂದರೆ ಸುಮಾರು ಅರ್ಧ ಎಂಬಿಪಿಎಸ್‌ಗಿಂತ) ಇಳಿಯಬಾರದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರಲ್ಲೇ ನಿರ್ದೇಶನ ಕೊಟ್ಟಿದೆ. ನನಗೆ ಈವರೆಗೆ ಅಂಥ ಒಂದು ಮೆಸೇಜೂ ಬಂದಿಲ್ಲ. ಇನ್ನು, 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕು ಎಂದು ಹೊಸದಾಗಿ ಗೊತ್ತುಮಾಡಿತು. ಹಾಗಾದರೆ 512ಕ್ಕೆ ಇಳಿಸಿದ ಕನೆಕ್ಷನ್ನನ್ನು ಏನೆಂದು ಕರೆಯುವುದು? ಆ ವೇಗದಲ್ಲಿ ನನ್ನ ಒಂದು ಮದುವೆ ಹೈದರಾಬಾದ್ ಮುಟ್ಟಲು 18 ದಿನ. ದಯವಿಟ್ಟು ಈ ಪ್ರಶ್ನೆಯನ್ನು ಲೋಕಸಭೆಯಲ್ಲಿ ಲಿಖಿತವಾಗಿ ಕೇಳಿ, ಮಿತಿ ಮುಗಿದ ಮೇಲೂ 2ಕ್ಕಿಂತ ಕೆಳಗೆ ಹೋಗದಂಥ ನಿಯಮಕ್ಕೆ ಒತ್ತಾಯಿಸಿ.

ಇನ್ನೊಂದು ನಿಮ್ಮ ಕೈಯಲ್ಲೇ ಇದೆ. ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ ದಿಶಾ ಸಮಿತಿಯ ಸಭೆಗೆ ನೀವೇ ಅಧ್ಯಕ್ಷರು. ಹಳ್ಳಿಗಳಿಗೆ ಫೈಬರ್ ಎಳೆಯುವ ಭಾರತ್‌ನೆಟ್ ಯೋಜನೆ ಎಷ್ಟು ಪಂಚಾಯಿತಿ ಮುಟ್ಟಿತು ಎಂದು ಕೇಳುವಾಗ ಕಲಬುರಗಿಯ ಓಣಿಗಳ ಸುದ್ದಿಯನ್ನೂ ತೆಗೆಯಿರಿ. ಚೀಟಿಯ ಮೇಲೆ ಸಂಜೆ ಒಂಬತ್ತರ ವೇಗ, ಅಪ್‌ಲೋಡ್ ವೇಗ, ಮಿತಿಯ ನಂತರದ ವೇಗ, ಈ ಮೂರನ್ನೂ ‘ಅನ್‌ಲಿಮಿಟೆಡ್’ನಷ್ಟೇ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಅಚ್ಚು ಹಾಕಲಿ. ಓಣಿಯ ಡಬ್ಬಿಗೊಂದು ಬ್ಯಾಟರಿ ಇಡಲಿ, ಆಯಿಯ ಕರೆಂಟಿನ ಮೇಲೆ ಎಷ್ಟು ದಿನ?

ರಸ್ತೆ ಅಗೆತದ ಬಗ್ಗೆಯೂ ಒಂದು ಮಾತು. ಕುಡಿಯುವ ನೀರಿನ ಪೈಪಿಗೆ ಅಗೆದಾಗ ಜೆಸಿಬಿಯ ಹಲ್ಲಿಗೆ ಫೈಬರ್ ಸಿಕ್ಕು ಇಡೀ ಓಣಿಯ ನೆಟ್ ನಿಂತಿತು. ಅಗೆಯುವ ಮುನ್ನ ಕೇಬಲ್ ಯಾರದೆಂದು ತಿಳಿಯಲೆಂದೇ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪನ್ನು 2023ರ ಮಾರ್ಚ್‌ನಲ್ಲಿ ಪ್ರಧಾನಿಯವರೇ ಬಿಡುಗಡೆ ಮಾಡಿದ್ದರು. ಜೆಸಿಬಿ ಡ್ರೈವರನನ್ನು ಕೇಳಿದೆ, ಹೆಸರೇ ಕೇಳಿಲ್ಲ ಅಂದ. ಅವನಿಗೆ ಹೇಳಬೇಕಾದವರು ಗುತ್ತಿಗೆದಾರರು, ಅವರಿಗೆ ಹೇಳಬೇಕಾದವರು ನಿಮ್ಮ ಸಭೆಯಲ್ಲಿ ಕೂರುವ ಅಧಿಕಾರಿಗಳು. ಹೇಗೂ ಅಗೆದಾಗ ಒಂದು ಖಾಲಿ ಪೈಪು ಹಾಕಿಟ್ಟರೆ, ಮುಂದೆ ಯಾವ ಕಂಪನಿಯ ಫೈಬರ್ ಬಂದರೂ ರಸ್ತೆ ಮತ್ತೆ ಕೀಳುವುದು ತಪ್ಪುತ್ತದೆ.

ಇನ್ನೂ ಬರೆಯುವುದಿತ್ತು. ಆದರೆ ನಾಳೆ ಬೆಳಗಿನ ಹೈದರಾಬಾದ್ ಬಸ್ಸಿಗೆ ಹಾರ್ಡ್‌ಡಿಸ್ಕ್ ಕೊಡಬೇಕು, ಕಾಪಿ ಇನ್ನೂ ಅರ್ಧ ಉಳಿದಿದೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಮದುವೆ ವಿಡಿಯೊ ಎಡಿಟರ್
ಆಳಂದ ರಸ್ತೆ, ಕಲಬುರಗಿ