ಲಾರಿ ನಿಲ್ಲಿಸಿ ಇಳಿದು ಬಂದ ಅಣ್ಣನಿಗೆ

ಅಣ್ಣಾ, ಹೆಸರು ಕೇಳಿದರೆ ನಕ್ಕು ಸುಮ್ಮನಾದಿರಿ. ಅದಕ್ಕೇ ಇಲ್ಲಿ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳ್ತಿದ್ದೇನೆ.

ಘಾಟಿಯ ನೆತ್ತಿಯಲ್ಲಿ ರಾತ್ರಿ ಕಳೆದ ನಮ್ಮ ವ್ಯಾನ್ ಬೆಳಗ್ಗೆ ಸ್ಟಾರ್ಟೇ ಆಗಲಿಲ್ಲ. ನೀವು ಬಾನೆಟ್ ಎತ್ತಿಸಿ ನೇರ ಫಿಲ್ಟರ್‌ಗೇ ಕೈ ಹಾಕಿದಿರಿ. ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತದೆ, ಚಳಿ ಜಾಸ್ತಿಯಾದರೆ ಅದು ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ ಅಂದಿರಿ. ನಮ್ಮ ಸ್ಟವ್‌ನಲ್ಲೇ ನೀರು ಕಾಯಿಸಿ, ಬಟ್ಟೆ ಅದ್ದಿ, ಹಿಂಡಿ, ಫಿಲ್ಟರ್‌ಗೆ ಸುತ್ತಿದಿರಿ. ತಣ್ಣಗಾದರೆ ಮತ್ತೆ ಅದ್ದಿ, ಮತ್ತೆ ಸುತ್ತಿ. ನಿಮ್ಮ ಬೆರಳೆಲ್ಲ ಕೆಂಪಾಗಿತ್ತು. ಇಂಜಿನ್ ಕೆಳಗೆ ಬೆಂಕಿ ಹಾಕೋಣವಾ ಎಂದ ಗೆಳೆಯನಿಗೆ ಚೆನ್ನಾಗಿ ಬೈದಿರಲ್ಲ, ಅದಕ್ಕೂ ಥ್ಯಾಂಕ್ಸ್!

ದುಡ್ಡು ಮುಟ್ಟಲಿಲ್ಲ. ‘ಇಳಿಜಾರಲ್ಲಿ ಬ್ರೇಕ್ ಒಂದನ್ನೇ ನಂಬಬೇಡಿ, ಗೇರ್ ಇಳಿಸಿಕೊಂಡು ಹೋಗಿ’ ಅಂದವರೇ ಹೊರಟುಬಿಟ್ಟಿರಿ. ಹಾಗೇ ಇಳಿದೆವು ಅಣ್ಣಾ. ಬ್ರೇಕ್ ಕಾದ ವಾಸನೆ ಎಲ್ಲೂ ಬರಲಿಲ್ಲ.