ಆಟ ಕಟ್ಟಿದ ಕೈಗಳಿಗೆ ಶರಣು

ನರಗುಂದ ಸೀಮೆಯ ನಮ್ಮೂರ ಬಯಲಲ್ಲಿ ಕುಣಿತ, ಹಾಡು, ಮಾತು ಕೂಡಿದ ಬಯಲಾಟವಾದ ದೊಡ್ಡಾಟ ಸುಸೂತ್ರವಾಗಿ ಮುಗಿಯಿತು. ಕರ್ಣ, ಅರ್ಜುನ, ಸಾರಥಿಯ (ಆಟ ನಡೆಸುವ ಸೂತ್ರಧಾರನ) ಪಾತ್ರ ಮಾಡಿದವರಿಗೆ ಅಂದೇ ಹಾರ ಬಿದ್ದವು, ಆಯೇರಿಯೂ (ಉಡುಗೊರೆಯೂ) ಆಯಿತು. ಪಡದೆಯ ಹಿಂದೆ ದುಡಿದವರಿಗೆ ಹೇಳಬೇಕಾದ ಮಾತು ಬಾಕಿ ಇತ್ತು. ಯಾರು ಏನು ಮಾಡಿದರೆಂದು ಬಿಡಿಸಿ ಬರೆದರೆ ಮುಂದೆ ಆಟ ಆಡಿಸುವ ಊರಿನವರಿಗೂ ಉಪಯೋಗವಾದೀತು.

ಮೊದಲ ಶರಣು ಬಡಿಗೇರ ಮನೆಯವರಿಗೆ. ನಮ್ಮ ಎರಿ (ಕಪ್ಪು) ಮಣ್ಣು ಒಣಗಿದಂತೆ ಬಿರಿಯುತ್ತದೆ, ಎರಡು ಅಡಿ ತೋಡಿ ನಿಲ್ಲಿಸಿದ ಕಂಬವೂ ಸಡಿಲಾಗುತ್ತದೆ. ಅದಕ್ಕೆ ಅವರು ಕಂಬ ಹುಗಿಯುವ ಗೊಡವೆಗೇ ಹೋಗದೆ, ಕಲ್ಲಿನ ಚಪ್ಪಡಿ ಹಾಸಿ ಮೇಲೆ ತೊಲೆಗಳ ಚೌಕಟ್ಟು ಕೂಡ್ರಿಸಿದರು. ಅಟ್ಟದ (ಆಟದ ವೇದಿಕೆಯ) ಉದ್ದ 24 ಅಡಿ, ಅಗಲ 18, ಎತ್ತರ ಮೂರೂವರೆ. ನಾಲ್ಕು ದಾಟಿದರೆ ಮುಂದೆ ಜಮಖಾನದ ಮೇಲೆ ಕೂತವರಿಗೆ ಪಾದ ಕಾಣುವುದಿಲ್ಲ. ದೊಡ್ಡಾಟದಲ್ಲಿ ಪಾದ ಕಾಣದಿದ್ದರೆ ನೋಡುವುದೇನು? ಹಲಗಿ ಒಂದೂವರೆ ಇಂಚು ದಪ್ಪ ಇರಲೇಬೇಕು. ತೆಳ್ಳಗಿದ್ದರೆ ನಾಲ್ಕೈದು ವೇಷ ಕೂಡಿ ಹೆಜ್ಜೆ ಹಾಕುವಾಗ ಬಳುಕಿ, ಗತ್ತು ತಪ್ಪುತ್ತದೆ. ಮೊಳೆಯ ತಲೆಗಳನ್ನು ಒಳಕ್ಕೆ ಬಡಿದು, ಬರಿಗಾಲಲ್ಲಿ ಮೂಲೆಮೂಲೆ ತುಳಿದು ನೋಡಿದ ಮೇಲೆಯೇ ಅಟ್ಟ ನಮ್ಮ ಕೈಗೆ ಬಂತು.

ಮೈಕಿನ ತಮ್ಮಂದಿರು ಸ್ಟ್ಯಾಂಡನ್ನು ಹಲಗಿಯ ಮೇಲೆ ಇಡಲಿಲ್ಲ. ಇಟ್ಟರೆ ಪ್ರತಿ ಹೆಜ್ಜೆಯ ದಡದಡ ಪದವನ್ನು (ಹಾಡನ್ನು) ನುಂಗುತ್ತದೆ. ಮುಂದಿನ ಹಗ್ಗಕ್ಕೆ ಸೈಕಲ್ ಟ್ಯೂಬಿನ ತುಂಡು ಕಟ್ಟಿ, ಅದಕ್ಕೆ ಮೈಕು ತೂಗಿಬಿಟ್ಟರು. ಸ್ಪೀಕರುಗಳನ್ನು ಮೈಕಿಗಿಂತ ಮುಂದೆ ನಿಲ್ಲಿಸಿದ್ದರಿಂದ ಕೂಗು ಹೊಡೆಯಲಿಲ್ಲ. ಬಿಳಿ ದೊಡ್ಡ ದೀಪವೊಂದನ್ನು ದೂರ ಬೇವಿನ ಮರಕ್ಕೆ ಕಟ್ಟಿ, ಅಟ್ಟಕ್ಕೆ ಹಳದಿ ಬೆಳಕು ಬಿಟ್ಟದ್ದು ಅವರದೇ ಉಪಾಯ. ಹುಳಗಳು ಹೆಚ್ಚಾಗಿ ಬಿಳಿ ಬೆಳಕಿಗೆ ಮುತ್ತುತ್ತವೆ. ಆಲಾಪಕ್ಕೆ ಬಾಯಿ ತೆರೆದವನಿಗೆ ಮಾತ್ರ ಅದರ ಬೆಲೆ ಗೊತ್ತು.

ಹಿಮ್ಮೇಳದವರಿಗೆ ಎಷ್ಟು ಹೇಳಿದರೂ ಕಡಿಮೆ. ಇಬ್ಬನಿ ಬೀಳುವ ಹೊತ್ತಿಗೆ ಮದ್ದಳೆಯ ಚರ್ಮ ತೇವ ಹೀರಿ ಶ್ರುತಿ ಇಳಿಯುತ್ತದೆ, ಹಾರ್ಮೋನಿಯಂ ಮಾತ್ರ ಇದ್ದಲ್ಲೇ ಇರುತ್ತದೆ. ಇಬ್ಬರ ನಡುವೆ ಹಾಡುವವನ ಗಂಟಲು ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಎರಡು ಮದ್ದಳೆ ತಂದಿದ್ದರು. ಒಂದು ನುಡಿಯುವಾಗ ಇನ್ನೊಂದು ಕಂಬಳಿಯೊಳಗೆ ಬೆಚ್ಚಗೆ. ಕೆಂಡದ ಹತ್ತಿರ ಹಿಡಿಯೋಣವೆಂದ ಹುಡುಗರನ್ನು ಹಿರಿಯರು ಗದರಿಸಿದ್ದು ಸರಿಯೇ: ಒಂದು ಬದಿ ಜಾಸ್ತಿ ಕಾದರೆ ಚರ್ಮ ಹರಿಯುತ್ತದೆ, ಆಮೇಲೆ ಆ ರಾತ್ರಿಗೆ ಮದ್ದಿಲ್ಲ.

ಬಣ್ಣ ಹಚ್ಚಿದ ಕಾಕಾ ಹಳೆಯ ಹಳದಿ ಅರದಾಳ, ಕೆಂಪು ಇಂಗಳೀಕದ ಪೊಟ್ಟಣ ಬಿಚ್ಚಲಿಲ್ಲ. ಅರದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ. ಬಣ್ಣ ಎಷ್ಟೇ ಹೊಳೆದರೂ ಚರ್ಮಕ್ಕೆ ಬೇಡ. ಕೊಬ್ಬರಿ ಎಣ್ಣೆ ತೆಳುವಾಗಿ ಸವರಿ, ಒರೆಸಿ, ಅದರ ಮೇಲೆ ಅಂಗಡಿಯ ಬಣ್ಣ ಹಚ್ಚಿದರು. ಕಿರೀಟದ ಕೆಳಗೆ ರುಮಾಲು ಸುತ್ತಿದ್ದೂ ಅವರೇ. ಬಿಗಿಯಾದರೆ ತಾಸಿನೊಳಗೆ ತಲೆ ಸಿಡಿಯುತ್ತದೆ, ಸಡಿಲಾದರೆ ಮೊದಲ ಗಿರಕಿಗೇ ಕಿರೀಟ ವಾಲುತ್ತದೆ.

ಕಲಿಸಿದ ಮಾಸ್ತರಿಗೆ ಇದ್ದ ಕಷ್ಟ ಬೇರೆ. 2000ರ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಮೈಕು ಹಚ್ಚುವಂತಿಲ್ಲ. ಹಬ್ಬಗಳಿಗೆ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರಕಾರ ವರ್ಷಕ್ಕೆ 15 ದಿನ ಮೀರದಂತೆ 12ರ ತನಕ ಸಡಿಲಿಕೆ ಕೊಡಬಹುದು, ಅಷ್ಟೇ. ಬೆಳತನಕ ನಡೆಯುವ ಆಟವನ್ನು ಅಷ್ಟರೊಳಗೆ ತರಬೇಕು. ಅವರು ಕಾಳಗದಲ್ಲಿ ಮರುಕಳಿಸುವ ಪದಗಳಿಗೆ ಕತ್ತರಿ ಹಾಕಿದರು. ಗಣಪತಿ ಸ್ತುತಿ, ಪ್ರವೇಶದ ಕುಣಿತ, ಬಂದ ಪಾತ್ರವನ್ನು ಸಾರಥಿ ಮಾತಾಡಿಸುವ ಭಾಗ ಮುಟ್ಟಲಿಲ್ಲ. ಕೆಲವರಿಗೆ ಬೇಸರವಾಗಿದೆ. ನಮ್ಮ ಲೆಕ್ಕದಲ್ಲಿ ಸಾರಥಿಯನ್ನು ಕತ್ತರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಸಂಜೆ ಐದಕ್ಕೇ ರೊಟ್ಟಿ ಊಟ ಮುಗಿಸಿ, ಆಮೇಲೆ ಬಿಸಿನೀರು, ಚಹಾ ಬಿಟ್ಟು ಏನೂ ಕೊಡದ, ಮಿರ್ಚಿ ಕೇಳಿದ ಭೀಮನನ್ನೂ ವಾಪಸ್ ಕಳಿಸಿದ ಅಕ್ಕಂದಿರಿಗೆ ದೊಡ್ಡ ಶರಣು.

ಹಲಗಿ ಕೊಟ್ಟ ಮನೆಗಳವರು ಗಮನಿಸಬೇಕು: ಇನ್ನೂ ಕೆಲವು ಹಲಗಿ ಗುಡಿಯ ಪಡಸಾಲಿಯಲ್ಲಿವೆ. ತುದಿಗೆ ಹಚ್ಚಿದ ಗುರುತು ನೋಡಿ ಒಯ್ಯಿರಿ. ಎರಡು ಜಮಖಾನಗಳೂ ಅಲ್ಲೇ ಇವೆ.