ಬರೀ ಡ್ರೈವರ್ ಅಂದ ಗೆಳೆಯನಿಗೆ

ಲೋ ಗೆಳೆಯಾ,

ಮೊನ್ನೆ ನಿಮ್ಮನೆಗೆ ಬಂದಾಗ ನಿನ್ನ ಮಗ "ಅಂಕಲ್, ಕಾರ್ಗಿಲ್‌ನಲ್ಲಿ ಎಷ್ಟು ಜನಾನ ಹೊಡೆದ್ರಿ" ಅಂತ ಕೇಳ್ದ, ನಾನು ಬಾಯಿ ಬಿಡೋ ಮುಂಚೆ ನೀನೇ "ಏ, ಇವ್ನು ಬರೀ ಡ್ರೈವರ್ ಕಣೋ" ಅಂದ್ಬಿಟ್ಟೆ. ನಂಗೇನು ಬೇಜಾರಿಲ್ಲ, ಆದ್ರೆ ಹುಡುಗನ ಮುಖ ಪೆಚ್ಚಾಯ್ತಲ್ಲ, ಅದಕ್ಕೆ ಬರೀತಿದೀನಿ. ಹೌದು, 1999ರಲ್ಲಿ ನಾನು ಒಂದೇ ಒಂದು ಗುಂಡು ಹಾರಿಸಿಲ್ಲ. ರೈಫಲ್ ಕೊಟ್ಟಿದ್ರು, ಸೀಟಿನ ಪಕ್ಕ ಇಟ್ಕೊಂಡಿರ್ತಿದ್ದೆ, ಧೂಳು ಒರೆಸಿದ್ದಷ್ಟೇ ಬಂತು.

ನಮ್ದು ಎಎಸ್‌ಸಿ, ಅಂದ್ರೆ ಆರ್ಮಿ ಸರ್ವಿಸ್ ಕೋರ್. ರೇಷನ್ನು, ಡೀಸೆಲ್ಲು, ಸೀಮೆಎಣ್ಣೆ, ಮದ್ದುಗುಂಡು, ಮೇಲೆ ಏನು ಬೇಕೋ ಅದು. ಮೇ 9ಕ್ಕೆ ಕಾರ್ಗಿಲ್‌ನ ಮದ್ದುಗುಂಡಿನ ಡಿಪೋಗೇ ಶೆಲ್ ಬಿದ್ದಿತ್ತು, ಆಮೇಲೆ ನಮಗೆ ನಿದ್ದೆ ಅನ್ನೋದೇ ಇಲ್ಲ. ಶ್ರೀನಗರದಿಂದ ದ್ರಾಸ್, ಕಾರ್ಗಿಲ್‌ಗೆ ಹೋಗೋಕೆ ಇದ್ದಿದ್ದು ಅದೊಂದೇ ರಸ್ತೆ, ಆಗ ಎನ್‌ಎಚ್ 1ಎ ಅಂತಿದ್ರು. ಸೋನಾಮಾರ್ಗ್ ದಾಟಿದ್ರೆ ಜೋಜಿ ಲಾ ಅನ್ನೋ ಘಾಟಿ, 11,500 ಅಡಿ ಮೇಲೆ, ಒಂದು ಕಡೆ ಹಿಮದ ಗೋಡೆ ಇನ್ನೊಂದು ಕಡೆ ಪಾತಾಳ, ಚಕ್ರದ ಕೆಳಗೆ ಕೆಸರು. ಅಷ್ಟೆತ್ತರದಲ್ಲಿ ಇಂಜಿನ್ನಿಗೂ ಉಸಿರು ಸಿಗಲ್ಲ, ಲೋಡ್ ಗಾಡಿ ಫಸ್ಟ್ ಗೇರಲ್ಲಿ ಕಪ್ಪು ಹೊಗೆ ಉಗುಳ್ತಾ ಏದುಸಿರು ಬಿಟ್ಕೊಂಡು ಹತ್ತುತ್ತೆ.

ಆದ್ರೂ ನಿಜವಾದ ಭಯ ಶುರುವಾಗ್ತಿದ್ದಿದ್ದು ಜೋಜಿ ಲಾ ಇಳಿದು ಮಟಾಯನ್ ದಾಟಿ ದ್ರಾಸ್ ಹತ್ರ ಬಂದ್ಮೇಲೆ. ತೊಲೊಲಿಂಗ್, ಟೈಗರ್ ಹಿಲ್ ಅನ್ನೋ ಬೆಟ್ಟಗಳ ಮೇಲೆ ಪಾಕಿಸ್ತಾನದೋರು ಕೂತಿದ್ರು, ರಸ್ತೇಲಿ ಗಾಡಿ ಕಂಡ್ರೆ ಅಲ್ಲಿಂದ್ಲೇ ವೈರ್‌ಲೆಸ್ಸಲ್ಲಿ ಹೇಳೋರು, ಆ ಕಡೆಯಿಂದ ಶೆಲ್ ಬೀಳೋದು. ಅದಕ್ಕೆ ರಾತ್ರಿನೇ ಹೋಗ್ಬೇಕು, ಹೆಡ್‌ಲೈಟ್ ಹಾಕಂಗಿಲ್ಲ. ಮಿಲಿಟರಿ ಲಾರಿ ಹಿಂದೆ ಯಾವತ್ತಾದ್ರೂ ಬಗ್ಗಿ ನೋಡಿದೀಯಾ? ಹಿಂದಿನ ಚಕ್ರಗಳ ನಡುವೆ ಗುಂಡಗಿರೋ ಡಿಫರೆನ್ಷಿಯಲ್‌ಗೆ ಬಿಳಿ ಪೇಂಟ್ ಬಳಿದು ಅದರ ಮೇಲೆ ಬೆಳಕು ಬೀಳೋ ಹಾಗೆ ಒಂದು ಪುಟ್ಟ ಬಲ್ಬ್ ಹಾಕಿರ್ತಾರೆ, ಬೆಟ್ಟದ ಮೇಲಿರೋನಿಗೆ ಕಾಣಲ್ಲ, ಹಿಂದಿನ ಗಾಡಿ ಡ್ರೈವರ್‌ಗೆ ಕಾಣುತ್ತೆ. ರಾತ್ರಿಯೆಲ್ಲಾ ಅದೊಂದನ್ನೇ ನೋಡ್ಕೊಂಡು ಹೋಗೋದು, ಮುಂದಿನೋನು ದಾರಿ ತಪ್ಪಿ ಕಣಿವೆಗೆ ಹೋದ್ರೆ ನಾನೂ ಅವನ ಹಿಂದೇನೇ. ಒಂದಿನ ಮುಂದಿನ ಗಾಡಿ ಬಲ್ಬು ಸುಟ್ಟೋಯ್ತು. ನನ್ನ ಕೋ-ಡ್ರೈವರ್, ಮೀಸೆ ಸರಿಯಾಗಿ ಬಂದಿರ್ಲಿಲ್ಲ ಅವ್ನಿಗೆ, ಏನೂ ಮಾತಾಡ್ದೆ ಬಿಳಿ ಟವೆಲ್ ಬೆನ್ನಿಗೆ ಹೊದ್ಕೊಂಡು ಇಳಿದು ಗಾಡಿ ಮುಂದೆ ನಡೆಯೋಕೆ ಶುರು ಮಾಡ್ದ, ನಾನು ಅವನ ಬೆನ್ನು ನೋಡ್ಕೊಂಡೇ ಗಾಡಿ ಬಿಟ್ಟೆ. ನನ್ನ ಹಿಂದೆ ಲಾರಿ ತುಂಬ ಶೆಲ್ಲು.

ಟಿವೀಲಿ ಬೋಫೋರ್ಸ್ ಫಿರಂಗಿ ಹೊಡೆಯೋದು ನೋಡಿ ಚಪ್ಪಾಳೆ ತಟ್ಟಿದ್ರಲ್ಲ ನೀವೆಲ್ಲ, ಅದರ ಒಂದೊಂದು ಶೆಲ್ 40 ಕೆಜಿ ಮೇಲೆ ತೂಗುತ್ತೆ. ಇಡೀ ಯುದ್ಧದಲ್ಲಿ ಶೆಲ್ಲು, ರಾಕೆಟ್ಟು, ಮಾರ್ಟರ್ ಎಲ್ಲ ಸೇರಿ 2,50,000ಕ್ಕೂ ಹೆಚ್ಚು ಹಾರಿಸಿದ್ರು. ಅವೇನು ತಾವಾಗೇ ಜೋಜಿ ಲಾ ಹತ್ಕೊಂಡು ಬಂದ್ವಾ?

ವಾಪಸ್ ಬರುವಾಗ ಸಾಮಾನ್ಯವಾಗಿ ಖಾಲಿ ಪೆಟ್ಟಿಗೆ ಇರೋವು. ಒಂದ್ಸಲ ಮಾತ್ರ ಗಾಯ ಆದ ಹುಡುಗ್ರನ್ನ ಕೂರಿಸಿದ್ರು. ಗಾಡಿ ಗುಂಡಿಗೆ ಇಳಿದಾಗಲೆಲ್ಲ ಹಿಂದಿಂದ ನರಳೋ ಸದ್ದು, ಆಮೇಲೆ ಯಾರೋ ಕ್ಯಾಬಿನ್ ತಗಡು ಮೆಲ್ಲಗೆ ತಟ್ಟಿ "ಉಸ್ತಾದ್, ಆರಾಮ್ ಸೇ" ಅಂದ. ಬೈಯ್ಲಿಲ್ಲ ಕಣೋ, ಬೈದಿದ್ರೆ ಚೆನ್ನಾಗಿರ್ತಿತ್ತು. ಈಗ್ಲೂ ರೋಡ್ ಹಂಪ್ ಬಂದ್ರೆ ನಾನು ನಿಲ್ಲಿಸೇಬಿಡ್ತೀನಿ, ಹಿಂದಿನೋರು ಹಾರ್ನ್ ಹೊಡೀತಾರೆ, ಹೊಡ್ಕೊಳ್ಲಿ.

ಜೂನ್ 13ಕ್ಕೆ ತೊಲೊಲಿಂಗ್ ಸಿಕ್ತು, ಜುಲೈ 4ಕ್ಕೆ ಟೈಗರ್ ಹಿಲ್. ಅದೆಲ್ಲ ಆದ್ಮೇಲೆ ಒಂದು ರಾತ್ರಿ ಲೈಟ್ ಹಾಕ್ಬೋದು ಅಂತ ಆರ್ಡರ್ ಬಂತು. ಸ್ವಿಚ್ ಒತ್ತೋಕೇ ಕೈ ಬರ್ಲಿಲ್ಲ ನಂಗೆ, ಕೊನೆಗೆ ಒತ್ತಿದೆ ನೋಡು, ಇಷ್ಟು ದಿನ ಎಂಥಾ ಅಂಚಲ್ಲಿ ಚಕ್ರ ಉರುಳಿಸ್ಕೊಂಡು ಹೋಗ್ತಿದ್ದೆ ಅಂತ ಆಗ ಕಾಣಿಸ್ತು, ಕ್ಲಚ್ ಮೇಲಿನ ಕಾಲು ಗಡಗಡ ನಡುಗೋಕೆ ಶುರುವಾಯ್ತು. ಆ ಟವೆಲ್ ಹುಡುಗ ಕಿಟಕಿಯಿಂದ ಕೆಳಗೆ ನೋಡ್ದ, ನನ್ನ ಮುಖ ನೋಡ್ದ, "ಉಸ್ತಾದ್, ಲೈಟ್ ಆಫ್ ಮಾಡ್ಬಿಡಿ" ಅಂದ.

ಇಂತಿ ನಿನ್ನ,
ಬರೀ ಡ್ರೈವರ್